ಎಣ್ಣೆ ಕುಡಿದ ಮಣ್ಣಿಗೆ ಅಣಬೆಯ ಚಿಕಿತ್ಸೆ

2017ನೆಯ ಇಸವಿ ಜನವರಿ 28ರಂದು ಎಣ್ಣೂರು ಬಂದರದ ಬಳಿ ಎರಡು ಹಡಗುಗಳು ಡಿಕ್ಕಿ ಹೊಡೆದು, ಚೆನ್ನೈಯ ಕಡಲ ದಂಡೆಗೆ ಕಪ್ಪೆಣ್ಣೆ ಬಂದು ಬಡಿದುದನ್ನು ಅಲ್ಲಿಯ ನಮ್ಮ ವಾಚಕರು ಮರೆತಿರಲಾರರು. ಜನರು ಬಕೆಟ್ಟುಗಳಿಂದ ಎಣ್ಣೆಯನ್ನು ಮೊಗೆದು ತೆಗೆದರು. ನೀರಿನ ಮೇಲೆ ತೇಲುವುದನ್ನು ಹೀಗೆ ಮೊಗೆಯಬಹುದು. ಮಣ್ಣಿನೊಳಕ್ಕೆ ಇಳಿದುದನ್ನು ಮೊಗೆಯುವುದೆಂತು? ಆ ಮಣ್ಣನ್ನು ಅಗೆದು ಬೇರೊಂದೆಡೆ ಸುರಿಯುವುದೆಂದರೆ ನಮ್ಮ ಮನೆಯ ಕಸವನ್ನು ನೆರೆಯವರ ಅಂಗಳಕ್ಕೆ ಗುಡಿಸಿದಂತೆಯೇ ಸರಿ.

ಈ ಕೆಲಸಕ್ಕೆ ವಿಜ್ಞಾನಿಗಳು ಗೊತ್ತುಮಾಡಿರುವ ಆಳುಗಳಲ್ಲಿ ಅಣಬೆಯೂ ಒಂದು. ಮಳೆಗಾಲದಲ್ಲಿ ನಾವು ಕಾಣುವ ಕೊಡೆಯು ಅದರ ಫಲ ಮಾತ್ರ. ನಿಜವಾದ ಜೀವಿಯು ನೂಲಿನಂತಹ ಎಳೆಗಳಾಗಿ ಮರದಲ್ಲಿಯೂ ಮಣ್ಣಿನಲ್ಲಿಯೂ ಹಬ್ಬಿರುತ್ತದೆ. ಮರಕ್ಕೆ ಗಟ್ಟಿತನವನ್ನು ಕೊಡುವ ಲಿಗ್ನಿನ್ ಎಂಬ ವಸ್ತುವನ್ನು ಕೆಲವು ಜಾತಿಯ ಅಣಬೆಗಳು ಎಂಜೈಮುಗಳನ್ನು ಹೊರಸೂಸಿ ಒಡೆಯುತ್ತವೆ. ನಾವು ಉಂಡು ಅರಗಿಸುತ್ತೇವೆ. ಅಣಬೆಯಾದರೋ ಅರಗಿಸಿ ಉಣ್ಣುತ್ತದೆ! ಲಿಗ್ನಿನ್ನಿನ ಉಂಗುರಾಕಾರದ ರಚನೆಗೂ ಡೀಸೆಲ್, ಟಾರುಗಳಲ್ಲಿರುವ ಕೆಲವು ವಿಷಗಳ ರಚನೆಗೂ ಹೋಲಿಕೆಯುಂಟು. ಆದುದರಿಂದ ಮರವನ್ನು ಒಡೆಯುವ ಆಯುಧವು ಎಣ್ಣೆಗೂ ನಾಟುತ್ತದೆ. 1985ರಲ್ಲಿ ಅಮೆರಿಕದ ಬಂಪಸ್, ಆಸ್ಟ್ ಮೊದಲಾದವರು, ಮರವನ್ನು ಕೊಳೆಸುವ ಒಂದು ಶಿಲೀಂಧ್ರವು ಡಿ.ಡಿ.ಟಿ.ಯಂತಹ ಹಠಮಾರಿ ವಿಷವನ್ನೂ ಒಡೆಯಬಲ್ಲದೆಂದು ತೋರಿಸಿಕೊಟ್ಟರು.

1990ರ ದಶಕದ ಕೊನೆಯಲ್ಲಿ ಅಲ್ಲಿಯ ವಾಷಿಂಗ್ಟನ್ ಸಂಸ್ಥಾನದ ಬೆಲ್ಲಿಂಗ್‌ಹ್ಯಾಮಿನಲ್ಲಿ ಪಾಲ್ ಸ್ಟಾಮೆಟ್ಸ್ ಎಂಬವರು ಡೀಸೆಲ್ ಹೀರಿದ ಮಣ್ಣಿನ ಒಂದು ಗುಡ್ಡೆಗೆ ಚಿಪ್ಪಣಬೆಯ ಎಳೆಗಳನ್ನು ಬೆರೆಸಿದರು. ಪಕ್ಕದ ಗುಡ್ಡೆಗಳಿಗೆ ಬೇರೆ ಚಿಕಿತ್ಸೆ. ಆರು ವಾರಗಳ ತರುವಾಯ ಹೊದಿಕೆ ತೆಗೆದಾಗ ಇತರ ಗುಡ್ಡೆಗಳು ಕಪ್ಪಾಗಿ ನಾರುತ್ತಿದ್ದುವು. ಇದರ ಮೇಲೆ ಅಣಬೆಗಳು ತುಂಬಿದ್ದುವು. ಬಳಿಕ ನೊಣಗಳು ಬಂದುವು, ನೊಣಗಳ ಹುಳುಗಳಿಗಾಗಿ ಹಕ್ಕಿಗಳು ಬಂದುವು, ಹಕ್ಕಿಗಳು ತಂದ ಬೀಜಗಳು ಮೊಳೆತುವು. ಉಂಗುರ ರಚನೆಯ ವಿಷಗಳು ದಶಲಕ್ಷಕ್ಕೆ 10,000 ಭಾಗವಿದ್ದುದು ಎಂಟು ವಾರಗಳಲ್ಲಿ 200ಕ್ಕಿಂತ ಕಡಿಮೆಯಾಯಿತೆಂದು ಸ್ಟಾಮೆಟ್ಸ್ ಹೇಳುತ್ತಾರೆ.

ಇದು ಅವರೇ ಕೊಟ್ಟ ಲೆಕ್ಕ. ಎಲ್ಲ ಮಣ್ಣಿನಲ್ಲಿಯೂ ಹೀಗೆಯೇ ನಡೆದೀತೆಂದು ನಂಬಲಾಗದು. ಅಣಬೆಗೆ ಹುಲ್ಲು ಅಥವಾ ಮರದ ಪುಡಿ ಬೇಕು, ತೇವ ಬೇಕು, ಗಾಳಿ ಬೇಕು. ಮಣ್ಣಿನ ಬ್ಯಾಕ್ಟೀರಿಯಾಗಳ ಸಹಾಯವೂ ಬೇಕು. ನಮ್ಮ ದೇಶದಲ್ಲಿ ದಿಲ್ಲಿಯ ಟೆರಿ ಸಂಸ್ಥೆಯವರು ಎಣ್ಣೆಯ ಕೆಸರಿಗೆ ಬಳಸುವ ‘ಆಯಿಲ್‌ಜ್ಯಾಪರ್’ ಎಂಬುದು ಬ್ಯಾಕ್ಟೀರಿಯಾಗಳ ಮಿಶ್ರಣವೇ ಹೊರತು ಅಣಬೆಯದಲ್ಲ.

ಹೋಟೆಲಿನಲ್ಲಿ ದುಡಿದವನಾದ ನನಗೆ ಮೊದಲು ಹೊಳೆದ ಪ್ರಶ್ನೆಯೇ ಬೇರೆ: ಆ ಅಣಬೆಯನ್ನು ತಿನ್ನಬಹುದೇ? ಚಿಪ್ಪಣಬೆಯು ಪೇಟೆಯಲ್ಲಿ ಪಲ್ಯಕ್ಕೆಂದು ಮಾರುವ ಅಣಬೆಯಷ್ಟೆ. ಎಣ್ಣೆಯನ್ನು ಒಡೆಯಬಹುದು, ಸೀಸ, ಕ್ಯಾಡ್ಮಿಯಂಗಳು ಮೂಲಧಾತುಗಳು, ಅವನ್ನು ಯಾವ ಅಣಬೆಯೂ ಒಡೆಯಲಾರದು. ಮಣ್ಣಿನಲ್ಲಿ ಅವಿದ್ದರೆ ಅಣಬೆಯು ಹೀರಿ ತನ್ನ ಮೈಯಲ್ಲಿ ಕೂಡಿಡುತ್ತದೆ. ಆದುದರಿಂದ ಅಂಥ ಮಣ್ಣಿನ ಅಣಬೆಯು ಅಡಿಗೆಮನೆಗೆ ಬರತಕ್ಕದ್ದಲ್ಲ. ಅದನ್ನು ಕಿತ್ತು, ವಿಷದ ಕಸದೊಡನೆಯೇ ಬೇರೆಯಾಗಿ ವಿಲೇವಾರಿ ಮಾಡತಕ್ಕದ್ದು.