ಆರಾಮಾಗಿದ್ದರೂ ಮಾತ್ರೆ ಏಕೆ?

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರಿಗೆ ಚಿರಪರಿಚಿತವಾದ ಮಾತೊಂದಿದೆ: “ಈಗ ಆರಾಮಾಗಿದೀನಿ ಕಣಮ್ಮಾ, ಅದಕ್ಕೇ ಬಿ.ಪಿ. ಮಾತ್ರೆ ಬಿಟ್ಟೆ.”

ಜ್ವರ ಇಳಿದರೆ ಜ್ವರದ ಮಾತ್ರೆ ಬಿಡಬಹುದು. ರಕ್ತದೊತ್ತಡದ ಲೆಕ್ಕ ಬೇರೆ. ಅದು 140/90 ದಾಟಿದರೂ ಹೆಚ್ಚಿನವರಿಗೆ ತಲೆನೋವೂ ಇರದು, ತಲೆಸುತ್ತೂ ಇರದು.

ಬೋರ್‌ವೆಲ್‌ನ ಗಡಸು ನೀರಿಗೆ ಡ್ರಿಪ್ ಪೈಪಿನಲ್ಲಿ ಸುಣ್ಣ ಕಟ್ಟುವುದನ್ನು ಈ ಸೀಮೆಯ ರೈತರು ಬಲ್ಲರು. ರಕ್ತನಾಳವೂ ಹೀಗೆ ಕಟ್ಟಿಕೊಳ್ಳುತ್ತದೆ, ಆದರೆ ಅದು ಪೈಪಿನಂತೆ ನಿರ್ಜೀವವಲ್ಲ. ಒತ್ತಡ, ಸಕ್ಕರೆ, ಬೀಡಿಯ ಹೊಗೆ ಅದರ ಒಳಪದರವನ್ನು ಗಾಸಿಗೊಳಿಸುತ್ತವೆ. ಕೊಲೆಸ್ಟರಾಲ್ ಗೋಡೆಯೊಳಗೇ ಸೇರಿ ಗಡ್ಡೆಯಾಗುತ್ತದೆ. ಒಂದು ದಿನ ಅದು ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿದರೆ ಹೃದಯಾಘಾತ ಇಲ್ಲವೇ ಲಕ್ವ.

ಒಬ್ಬರಲ್ಲೇ ಒತ್ತಡ, ಸಕ್ಕರೆ, ಬೀಡಿ ಎಲ್ಲ ಕೂಡಿದರೆ ಅಪಾಯ ಹಲವು ಪಟ್ಟು ಬೆಳೆಯುತ್ತದೆ. ಅದಕ್ಕೇ ಆಶಾ ಕಾರ್ಯಕರ್ತೆ 30 ದಾಟಿದವರ ಮನೆಗೆ ಟೇಪು ಹಿಡಿದು ಬರುತ್ತಾರೆ. ವಯಸ್ಸು, ಬೀಡಿ-ಹೊಗೆಸೊಪ್ಪು, ಮದ್ಯ, ಸೊಂಟದ ಸುತ್ತಳತೆ, ವ್ಯಾಯಾಮ, ಮನೆತನದ ಕಾಯಿಲೆ ಕೇಳಿ ಅಂಕ ಹಾಕುತ್ತಾರೆ. ಅಂಕ 4 ದಾಟಿದವರಿಗೆ ತಪಾಸಣೆಯಲ್ಲಿ ಮೊದಲ ಆದ್ಯತೆ. ಹೆಂಗಸರಿಗೆ 80, ಗಂಡಸರಿಗೆ 90 ಸೆಂ.ಮೀ. ದಾಟಿದ ಸೊಂಟ ಎಚ್ಚರಿಕೆಯ ಗಂಟೆ.

ರಾಗಿಮುದ್ದೆಯನ್ನು ದೂರಬೇಕಿಲ್ಲ. ಒತ್ತಡ ಏರಿಸುವ ಉಪ್ಪು ಅಡಗಿರುವುದು ಸಾರು, ಉಪ್ಪಿನಕಾಯಿ, ಹಪ್ಪಳಗಳಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚವೂ ತುಂಬದಷ್ಟು ಉಪ್ಪು ಸಾಕು.

ಉಪ್ಪು ಕಡಿಮೆ ಮಾಡಿದರೂ ಒತ್ತಡ ಇಳಿಯದವರಿಗೆ ಮಾತ್ರೆಯೇ ಆಸರೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ರಕ್ತದೊತ್ತಡದ ಮೇಲಿನ ಅಂಕಿ 10ರಷ್ಟು ಇಳಿದರೆ ಲಕ್ವದ ಅಪಾಯ ಸುಮಾರು ಕಾಲುಭಾಗ ತಗ್ಗುತ್ತದೆಂದು ಕಂಡುಬಂದಿದೆ. ಆದರೆ ಮಾತ್ರೆ ಊರಿಗೆ ಹತ್ತಿರದಲ್ಲೇ ಸಿಗಬೇಕು. ಬೆಂಗಳೂರಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯ ಸಂಶೋಧಕರು ತುಮಕೂರು ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದ ವರದಿ ಎತ್ತಿದ್ದೂ ಈ ಪ್ರಶ್ನೆಯನ್ನೇ: ಸಕ್ಕರೆ ಕಾಯಿಲೆ, ಬಿ.ಪಿ.ಗಳ ಮಾತ್ರೆ ಹಳ್ಳಿಯವರ ಕೈಗೆ ಎಟಕುತ್ತಿದೆಯೇ? ತಾಲ್ಲೂಕು ಕೇಂದ್ರಕ್ಕೆ ಹೋಗಿಬರಲು ಒಂದು ದಿನದ ಕೂಲಿ ಬಿಡಬೇಕಾದವರು ಮಾತ್ರೆಯನ್ನೇ ಬಿಡುತ್ತಾರೆ. ಉಪಕೇಂದ್ರದಲ್ಲೇ ತಿಂಗಳಿಗಾಗುವಷ್ಟು ಮಾತ್ರೆ ಸಿಕ್ಕರೆ ಆ ಕೂಲಿಯೂ ಉಳಿಯುತ್ತದೆ, ಜೀವವೂ.

ಮನೆಯ ಹಿರಿಯರ ಮಾತ್ರೆಯ ಹಾಳೆಯನ್ನು ಇಂದು ಒಮ್ಮೆ ತಿರುಗಿಸಿ ನೋಡಿ. ಎರಡೇ ಉಳಿದಿದ್ದರೆ, ಆರೋಗ್ಯ ಕೇಂದ್ರಕ್ಕೆ ನಾಳೆಯೇ ಹೋಗಿಬನ್ನಿ.