ಹಿಟ್ಟಿನ ಹುಂಜ ಕೂಗಿದಾಗ

ಮಣ್ಣೆತ್ತಿನ ಅಮವಾಸ್ಯೆ ಬಂತೆಂದರೆ ಹೊಸರಿತ್ತಿ, ಗುತ್ತಲ, ಕರ್ಜಗಿ ಕಡೆಯ ಮಕ್ಕಳಿಗೆ ಕೈ ಬಿಡುವಿರುವುದಿಲ್ಲ. ಜಿಗುಟು ಮಣ್ಣು ತರಬೇಕು, ನಾದಬೇಕು, ಎತ್ತಿಗೆ ಕೋಡು, ಹಿಣಿಲು, ಬಾಲ ಕೂಡಿಸಬೇಕು, ಕಣ್ಣಿನ ಜಾಗಕ್ಕೆ ಕಾಳು ಒತ್ತಬೇಕು. ಪೂಜೆಯಾದ ಮೇಲೆ ಅವ್ವ ಆ ಎತ್ತುಗಳಿಗೆ ಎಡೆ ಹಿಡಿಯುತ್ತಾಳೆ. ಆ ಹೊತ್ತಿನಲ್ಲಿ ಯಾರಾದರೂ ಬಂದು "ಇದು ಬರೇ ಮಣ್ಣು" ಎಂದು ಒಂದರ ಕುತ್ತಿಗೆ ಮುರಿದುಬಿಟ್ಟರೆ? ಮಾಡಿದ ಹುಡುಗ ಅತ್ತೇ ಅಳುತ್ತಾನೆ. ಅಜ್ಜಿ ಸುಮ್ಮನಿರುವುದಿಲ್ಲ. "ಎತ್ತಿನ ಕುತಗಿ ಮುರೀತಾರೇನೋ, ಏಟು ಪಾಪ!" ಎಂದು ಗದರಿಸುತ್ತಾಳೆ. ಮಣ್ಣಿನದಕ್ಕೆ ಯಾಕಷ್ಟು ಸಿಟ್ಟು ಎಂದು ಅಜ್ಜಿಯನ್ನು ಕೇಳಿ ನೋಡಿ. ಅವಳು ಏನು ಉತ್ತರ ಕೊಟ್ಟರೂ ಅದನ್ನು ನೆನಪಿಟ್ಟುಕೊಳ್ಳಿ. ಈಗ ಹೇಳುವ ಕಥೆಗೆ ಅದು ಬೇಕಾಗುತ್ತದೆ.

ಕಥೆ ಹಳೆಯದು. ಕನ್ನಡದಲ್ಲಿ ಇದನ್ನು ಎಲ್ಲರ ಮನಸ್ಸಿಗೆ ನಾಟುವಂತೆ ಬರೆದವನು ಜನ್ನ. ಹೊಯ್ಸಳ ಅರಸ ಇಮ್ಮಡಿ ವೀರಬಲ್ಲಾಳನ ಆಸ್ಥಾನದವನು, 'ಕವಿಚಕ್ರವರ್ತಿ' ಎಂದು ಬಿರುದು ಪಡೆದವನು. ನಮ್ಮ ಜಿಲ್ಲೆಯ ಹಾನಗಲ್ಲಿಗೆ 1196ರಲ್ಲಿ ಮುತ್ತಿಗೆ ಹಾಕಿದ ಬಲ್ಲಾಳನೇ ಈ ಬಲ್ಲಾಳ. ಯುದ್ಧದ ಮೇಲೆ ಯುದ್ಧ ಮಾಡಿದ ದೊರೆಯ ಕಾಲದಲ್ಲೇ, 1209ರಲ್ಲಿ, ಜನ್ನ 'ಯಶೋಧರ ಚರಿತೆ' ಬರೆದು ಮುಗಿಸಿದ. ಅದರ ತುಂಬ ಒಂದೇ ಮಾತು: ಜೀವ ತೆಗೆಯಬೇಡ.

ಕಥೆ ಶುರುವಾಗುವುದು ರಾಜಪುರವೆಂಬ ಊರಿನಲ್ಲಿ, ಜಾತ್ರೆಯ ದಿನ. ಅಲ್ಲಿನ ದೇವತೆ ಚಂಡಮಾರಿ. ನಮ್ಮ ಕಡೆ 'ಮಾರಿ' ಎಂದರೆ ಮುಖ. "ಮಾರಿ ತೊಳಕೊಂಡು ಬಾ" ಎಂದು ದಿನಾ ಬೆಳಿಗ್ಗೆ ಕೇಳುತ್ತೀರಿ. ಇದು ಆ ಮಾರಿಯಲ್ಲ. ಸಿಡುಬು, ಕಾಲರಾ, ಪ್ಲೇಗು ಊರಿಗೆ ಊರನ್ನೇ ಬಳಿದುಕೊಂಡು ಹೋಗುತ್ತಿದ್ದ ಕಾಲದಲ್ಲಿ ಆ ಸಾವಿಗೇ ಜನ ಇಟ್ಟ ಹೆಸರು ಮಾರಿ. ಈಗಲೂ ದೊಡ್ಡ ರೋಗಕ್ಕೆ ಮಹಾಮಾರಿ ಅನ್ನುತ್ತೇವೆ. ಔಷಧವಿಲ್ಲದ ಕಾಲದಲ್ಲಿ ಹೆದರಿದ ಜನ ಆ ಸಾವಿನ ಜೊತೆಗೇ ಒಂದು ಕರಾರು ಮಾಡಿಕೊಳ್ಳಲು ನೋಡಿದರು: ಈ ಜೀವ ತಗೋ, ನಮ್ಮ ಮಕ್ಕಳ ಜೀವ ಬಿಡು. ಅವರನ್ನು ನೋಡಿ ನಾವು ನಗಬಾರದು. ಪ್ರಪಂಚದಿಂದ ಸಿಡುಬು ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದ್ದು 1980ರಲ್ಲಿ. ಅಂದರೆ ನಿಮ್ಮ ಅಜ್ಜ ಅಜ್ಜಿ ಆ ಹೆದರಿಕೆಯನ್ನು ಕಂಡವರು.

ರಾಜಪುರದ ಅರಸ ಮಾರಿದತ್ತ. ಮಾರಿಗೆ ಜಾತ್ರೆ ಮಾಡದಿದ್ದರೆ ಊರು ಉಳಿಯದು ಎಂದು ನಂಬಿದವನು. ಕುರಿ, ಕೋಣ, ಹಕ್ಕಿ ಎಲ್ಲ ಜೋಡಿ ಜೋಡಿಯಾಗಿ ಬಂದಿದ್ದವು. ಒಂದು ಜೋಡಿ ಮಾತ್ರ ಬಾಕಿ ಇತ್ತು, ಮನುಷ್ಯರದು. ಅರಸನ ತಳವಾರ ಊರೊಳಗೆ ಭಿಕ್ಷೆಗೆ ಬಂದಿದ್ದ ಇಬ್ಬರು ಎಳೆಯರನ್ನು ಹಿಡಿದು ತಂದ. ಅಣ್ಣ ಅಭಯರುಚಿ, ತಂಗಿ ಅಭಯಮತಿ; ಅವಳಿಜವಳಿ. ಸುದತ್ತಾಚಾರ್ಯ ಎಂಬ ಜೈನ ಗುರುವಿನ ಶಿಷ್ಯರು. ಕತ್ತಿ ಹಿಡಿದು ನಿಂತ ದೊರೆಯ ಮುಂದೆ ಅವರು ಅಳಲಿಲ್ಲ, ನಡುಗಲಿಲ್ಲ. ದೊರೆಗೆ ಆಶ್ಚರ್ಯವಾಯಿತು. ಯಾರಪ್ಪಾ ನೀವು, ನಿಮಗೆ ಹೆದರಿಕೆ ಯಾಕಿಲ್ಲ ಎಂದು ಕೇಳಿದ. ಆಗ ಅಭಯರುಚಿ ತನ್ನ ಕಥೆ ಹೇಳತೊಡಗಿದ.

ಉಜ್ಜಯಿನಿಯಲ್ಲಿ ಯಶೋಧರನೆಂಬ ರಾಜನಿದ್ದ. (ಉಜ್ಜಯಿನಿ ಎಲ್ಲೋ ದೂರದ ಊರು ಎನ್ನಬೇಡಿ. ಜನ್ನನ ಕಾಲದಲ್ಲಿ ಹೊಸರಿತ್ತಿಯ ಪಕ್ಕದ ಗುತ್ತಲವನ್ನು ಆಳುತ್ತಿದ್ದ ಗುತ್ತ ಅರಸರು ತಮ್ಮನ್ನು ಉಜ್ಜಯಿನಿ ಪುರದ ಒಡೆಯರೆಂದೇ ಶಾಸನಗಳಲ್ಲಿ ಕರೆದುಕೊಂಡಿದ್ದಾರೆ. ಈ ಕಡೆಯವರಿಗೆ ಅದು ಕಿವಿಗೆ ಬಿದ್ದ ಹೆಸರೇ.) ಯಶೋಧರನಿಗೆ ರಾಜ್ಯ ಇತ್ತು, ರಾಣಿ ಅಮೃತಮತಿ ಇದ್ದಳು, ಮಗ ಯಶೋಮತಿ ಇದ್ದ, ತಾಯಿ ಚಂದ್ರಮತಿ ಇದ್ದಳು. ಒಂದು ರಾತ್ರಿ ತನ್ನ ಮನೆಯಲ್ಲೇ ತನಗೆ ದ್ರೋಹವಾಗುತ್ತಿರುವುದು ಅವನಿಗೆ ಗೊತ್ತಾಯಿತು. ಎತ್ತಿದ ಕತ್ತಿಯನ್ನು ಹಾಗೇ ಇಳಿಸಿದ. ಕೊಲ್ಲಲಿಲ್ಲ. ಆದರೆ ಆ ದುಃಖವನ್ನು ಯಾರ ಮುಂದೆ ಹೇಳುವುದು? ಬೆಳಿಗ್ಗೆ ಬಾಡಿದ ಮಗನ ಮುಖ ನೋಡಿ ತಾಯಿ ಏನಾಯಿತೆಂದು ಕೇಳಿದಳು. ಅವನು ನಿಜ ಹೇಳಲಿಲ್ಲ. ಕೆಟ್ಟ ಕನಸು ಬಿತ್ತು ಅವ್ವಾ ಎಂದುಬಿಟ್ಟ.

ಇಡೀ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಈ ಜಾಗವೇ. ಒಂದು ಸಣ್ಣ ಸುಳ್ಳು, ಅದೂ ತಾಯಿಗೆ ನೋವಾಗಬಾರದೆಂದು ಹೇಳಿದ್ದು. ಆದರೆ ತಾಯಿ ಅದನ್ನು ನಂಬಿದಳು. ಕೆಟ್ಟ ಕನಸೆಂದರೆ ಸಾವಿನ ಸೂಚನೆ, ದೇವಿಗೆ ಬಲಿ ಕೊಟ್ಟು ಶಾಂತಿ ಮಾಡಿಸು ಎಂದು ಹಟ ಹಿಡಿದಳು. ಜೀವಬಲಿ ನನ್ನಿಂದಾಗದು ಎಂದ ಮಗ. ಕೊಡದಿದ್ದರೆ ನೀನು ನನಗೆ ಉಳಿಯುವುದಿಲ್ಲ ಎಂದಳು ತಾಯಿ. ಇಬ್ಬರೂ ಕೆಟ್ಟವರಲ್ಲ. ಕೊನೆಗೆ ನಡುವಿನ ದಾರಿಯೊಂದು ಸಿಕ್ಕಿತು: ನಿಜವಾದ ಹುಂಜ ಬೇಡ, ಹಿಟ್ಟಿನಲ್ಲಿ ಹುಂಜ ಮಾಡಿ ಕಡಿಯೋಣ. ದೇವಿಗೂ ಸಮಾಧಾನ, ಜೀವವೂ ಹೋಗುವುದಿಲ್ಲ.

ಹುಂಜ ತಯಾರಾಯಿತು. ಬಣ್ಣ ಬಳಿದರು, ಜುಟ್ಟು ತಿದ್ದಿದರು, ಈಗ ಕೂಗುತ್ತದೆಯೋ ಎನ್ನುವಷ್ಟು ಚೆನ್ನಾಗಿ ಮಾಡಿದರು. ಆ ಚೆಂದಕ್ಕೆ ಮರುಳಾಗಿ ಅಲೆದಾಡುತ್ತಿದ್ದ ಒಂದು ಬೆಂತರ, ಅಂದರೆ ದೆವ್ವದ ಜಾತಿಯದು, ಅದರೊಳಗೆ ಹೊಕ್ಕು ಕುಳಿತಿತು. ಯಶೋಧರ ಕತ್ತಿ ಎತ್ತಿ ಹೊಡೆದ. ಹಿಟ್ಟಿನ ಹುಂಜ ಕೂಗಿತು.

ಆ ಕೂಗು ಕೇಳಿ ಅವನ ಕೈಯಿಂದ ಕತ್ತಿ ಜಾರಿರಬೇಕು ಎಂದು ನಾನು ಯಾವಾಗಲೂ ಅಂದುಕೊಳ್ಳುತ್ತೇನೆ. ಹಿಟ್ಟು ಎಂದು ಕಡಿದದ್ದು ಜೀವವಾಗಿ ಕೂಗಿದರೆ ಯಾರಿಗೆ ಎದೆ ಒಡೆಯದು? ಅವನು ರಾಜ್ಯ ಬಿಟ್ಟು ತಪಸ್ಸಿಗೆ ಹೋಗುವೆನೆಂದು ಹೊರಟ. ಆದರೆ ಹೊರಡುವ ಮೊದಲೇ ಅಮೃತಮತಿ ತಾಯಿ ಮಗ ಇಬ್ಬರನ್ನೂ ಊಟಕ್ಕೆ ಕರೆದು, ವಿಷ ಬೆರೆಸಿದ ಲಡ್ಡುಗೆ ಬಡಿಸಿದಳು. ಸಾವನ್ನು ದೂರ ಇಡಲು ಮಾಡಿದ ಶಾಂತಿಯ ಬೆನ್ನಿಗೇ ಸಾವು ಬಂತು.

ಕರಾರು ಅಲ್ಲಿಗೆ ಮುಗಿಯಲಿಲ್ಲ. ತಾಯಿ ಮಗ ಮತ್ತೆ ಮತ್ತೆ ಪ್ರಾಣಿಗಳಾಗಿ ಹುಟ್ಟಿದರು. ಒಮ್ಮೆ ಮಗ ನವಿಲು, ತಾಯಿ ನಾಯಿ. ಆ ನಾಯಿಯೇ ಆ ನವಿಲನ್ನು ಕೊಂದಿತು. ಮೀನಾದರು, ಮೊಸಳೆಯಾದರು, ಆಡಾದರು, ಕೋಣವಾದರು. ಪ್ರತಿ ಸಲವೂ ಸಾವು ಬರುತ್ತಿದ್ದುದು ಅದೇ ಅರಮನೆಯ ಸುತ್ತಮುತ್ತ. ಈಗ ಸಿಂಹಾಸನದ ಮೇಲಿದ್ದವನು ಮಗ ಯಶೋಮತಿ. ಪಾಪ, ಅಪ್ಪ ಅಜ್ಜಿಯ ಮೇಲೆ ಅವನಿಗೆ ಬಹಳ ಪ್ರೀತಿ. ಅವರಿಗೆ ಸದ್ಗತಿ ಸಿಗಲೆಂದು ಶ್ರಾದ್ಧ ಮಾಡಿಸಿದ. ಆ ಶ್ರಾದ್ಧಕ್ಕೆಂದು ಕೊಲ್ಲಿಸಿದ ಪ್ರಾಣಿ ಅವನ ಅಪ್ಪನೇ ಆಗಿದ್ದ. ಅಪ್ಪ ಮಾಡಿದ ಲೆಕ್ಕಕ್ಕೆ ಮಗ ಏನೂ ಗೊತ್ತಿಲ್ಲದೆ ಕೈ ಹಾಕಿದ ಹಾಗಾಯಿತು.

ಕಡೆಯ ಪ್ರಾಣಿಜನ್ಮದಲ್ಲಿ ಇಬ್ಬರೂ ಕೋಳಿಗಳಾದರು. ಹೌದು, ಹುಂಜಕ್ಕೆ ಹುಂಜವೇ ಬಂತು. ಪಂಜರದಲ್ಲಿದ್ದ ಆ ಎರಡು ಕೋಳಿಗಳ ಕಿವಿಗೆ ಒಬ್ಬ ಮುನಿಯ ಮಾತು ಬಿತ್ತು, ಹಿಂದಿನದೆಲ್ಲ ನೆನಪಾಯಿತು. ಸಂತೋಷಕ್ಕೆ ಕೂಗಿದವು. ಹತ್ತಿರದಲ್ಲೇ ರಾಣಿ ಕುಸುಮಾವಳಿಯೊಡನೆ ಇದ್ದ ಯಶೋಮತಿ ತನ್ನ ಬಿಲ್ವಿದ್ಯೆ ತೋರಿಸಲೆಂದು, ಕಣ್ಣಿಂದ ನೋಡದೆ, ಬರೀ ಸದ್ದನ್ನು ಹಿಡಿದು ಬಾಣ ಬಿಟ್ಟ. ಎರಡೂ ಸತ್ತವು. ಅದೇ ಕುಸುಮಾವಳಿಯ ಹೊಟ್ಟೆಯಲ್ಲಿ ಅವಳಿ ಮಕ್ಕಳಾಗಿ ಹುಟ್ಟಿದವು.

ಈಗ ಗೊತ್ತಾಯಿತಲ್ಲ, ಮಾರಿದತ್ತನ ಕತ್ತಿಯ ಮುಂದೆ ನಿಂತ ಎಳೆಯರು ಯಾರೆಂದು? ಯಶೋಧರ ತನ್ನ ಮಗನಿಗೇ ಮಗನಾಗಿ ಬಂದಿದ್ದ. ಅಜ್ಜನೇ ಮೊಮ್ಮಗ. ಮುತ್ತಜ್ಜಿಯೇ ಅವನ ತಂಗಿ. ನಮ್ಮ ಮನೆಗಳಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಟ್ಟು "ನಮ್ಮಪ್ಪ ಹೊಳ್ಳಿ ಬಂದ" ಎಂದು ಮುದ್ದು ಮಾಡುತ್ತಾರೆ. ಜನ್ನನ ಕಥೆಯಲ್ಲಿ ಅದು ಮುದ್ದಿನ ಮಾತಲ್ಲ. ಬರೀ ಹಿಟ್ಟಿನ ಹುಂಜ ಕಡಿದ ನನಗೆ ಇಷ್ಟಾಯಿತು, ಇಷ್ಟು ಜೀವ ತರಿಸಿ ನಿಲ್ಲಿಸಿರುವ ನಿನಗೆ ಇನ್ನೆಷ್ಟು ಎಂದು ಹುಡುಗ ದೊರೆಯನ್ನು ಕೇಳಿದಂತಿದೆ.

ಹಿಟ್ಟು ಕಡಿದರೆ ಕೊಲೆ ಹೇಗಾಗುತ್ತದೆ ಎಂದು ಜಗಳ ತೆಗೆಯುವವರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಜೈನರ ಉತ್ತರ ಇದು: ಕೈ ಕಡಿದದ್ದು ಹಿಟ್ಟನ್ನು, ಮನಸ್ಸು ಕಡಿದದ್ದು ಹುಂಜವನ್ನು. ಅದಕ್ಕೆ ಸಂಕಲ್ಪ ಹಿಂಸೆ ಎನ್ನುತ್ತಾರೆ. ಮಣ್ಣೆತ್ತಿನ ವಿಷಯದಲ್ಲಿ ನಿಮ್ಮ ಅಜ್ಜಿ ಏನು ಹೇಳಿದಳು? ಎಡೆ ಹಿಡಿಯುವಾಗ ಅದು ಎತ್ತು ಎಂದ ಮೇಲೆ, ಮುರಿಯುವಾಗ ಬರೇ ಮಣ್ಣು ಎನ್ನಲು ಬರುವುದಿಲ್ಲ. ಹಾಗಾದರೆ ಆಯುಧಪೂಜೆಗೆ ಕುಂಬಳಕಾಯಿಗೆ ಕುಂಕುಮ ತುಂಬಿ ಒಡೆಯುತ್ತೇವಲ್ಲ, ಅದೇನು ಎಂದು ಜಾಣ ಹುಡುಗಿ ಯಾರಾದರೂ ಕೇಳಬಹುದು. ಒಡೆಯುವವನ ಮನಸ್ಸಿನಲ್ಲಿ ಏನಿದೆ ಎಂಬುದರ ಮೇಲೆ ಎಂದಷ್ಟೇ ನಾನು ಹೇಳಬಲ್ಲೆ. ಬಹಳ ಜನರ ಮನಸ್ಸಿನಲ್ಲಿ ಅವತ್ತಿನ ಊಟ ಬಿಟ್ಟು ಬೇರೇನೂ ಇರುವುದಿಲ್ಲ. ಗಿರೀಶ ಕಾರ್ನಾಡರಿಗೂ ಈ ಪ್ರಶ್ನೆ ಬಿಡಲಿಲ್ಲ. ಇದೇ ಕಥೆಯನ್ನು 'ಹಿಟ್ಟಿನ ಹುಂಜ' ಎಂಬ ನಾಟಕ ಮಾಡಿದರು.

ಸಾವಿನೊಡನೆ ಕರಾರು ಮಾಡದ ಅರಸನೂ ಈ ಸೀಮೆಯಲ್ಲಿ ಇದ್ದ. ಹಾವೇರಿ ಜಿಲ್ಲೆಯ ಬಂಕಾಪುರ ಆಗ ಜೈನರ ದೊಡ್ಡ ವಿದ್ಯಾಕೇಂದ್ರ. ಗಂಗರ ಇಮ್ಮಡಿ ಮಾರಸಿಂಹ ಅನೇಕ ಯುದ್ಧ ಗೆದ್ದವನು. 974ರ ಸುಮಾರಿಗೆ ಅವನು ರಾಜ್ಯವನ್ನು ಬಿಟ್ಟು, ಬಂಕಾಪುರದಲ್ಲಿ ಗುರು ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟನೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ನನ್ನ ಬದಲು ಇದನ್ನು ತಗೋ ಎಂದು ಯಾವ ಜೀವವನ್ನೂ ಅವನು ಮುಂದೊಡ್ಡಲಿಲ್ಲ.

ರಾಜಪುರಕ್ಕೆ ಮರಳೋಣ. ಕಥೆ ಕೇಳಿ ಮಾರಿದತ್ತನ ಮನಸ್ಸು ಕರಗಿತು. ಅಷ್ಟೇ ಆಗಿದ್ದರೆ ಒಬ್ಬ ದೊರೆ ಬದಲಾದ ಕಥೆಯಾಗುತ್ತಿತ್ತು. ಆದರೆ ಜನ್ನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಚಂಡಮಾರಿಯೇ ಪ್ರತ್ಯಕ್ಷಳಾಗುತ್ತಾಳೆ. ಇನ್ನು ಮುಂದೆ ನನಗೆ ಜೀವಬಲಿ ಬೇಡ, ಹೂವು ಗಂಧ ಧೂಪಗಳಿಂದ ಪೂಜೆ ಮಾಡಿ ಸಾಕು ಎನ್ನುತ್ತಾಳೆ. ಅಷ್ಟು ದಿನ ಅವಳು ಕೇಳುತ್ತಾಳೆ ಎಂದುಕೊಂಡು ಕೊಟ್ಟವರೇ ಎಲ್ಲ. ಅವಳ ಬಾಯಿಂದ ಕೇಳಿದವರು ಯಾರೂ ಇರಲಿಲ್ಲ.

ಇದು ಬರೀ ಕಾವ್ಯದ ಮಾತಲ್ಲ. ನಮ್ಮವರು ಎರಡು ವರ್ಷಕ್ಕೊಮ್ಮೆ ಬಸ್ಸು ತುಂಬಿಕೊಂಡು ಹೋಗುವ ಶಿರಸಿಯ ಮಾರಿಕಾಂಬೆ ಜಾತ್ರೆಯಲ್ಲಿ ಒಂದು ಕಾಲಕ್ಕೆ ಕೋಣನ ಬಲಿ ಇತ್ತು. 1934ರಲ್ಲಿ ಗಾಂಧೀಜಿ ಶಿರಸಿಗೆ ಬಂದರು. ಆ ದಿನಗಳ ಚಳವಳಿಯಿಂದಾಗಿ ಅಲ್ಲಿ ಕೋಣನ ಬಲಿ ನಿಂತಿತು. ಜಾತ್ರೆ ನಿಲ್ಲಲಿಲ್ಲ, ಇನ್ನೂ ದೊಡ್ಡದಾಯಿತು. ದೇವಸ್ಥಾನಗಳಲ್ಲಿ ಪ್ರಾಣಿಬಲಿ ತಡೆಯಲು 1959ರಿಂದಲೇ ನಮ್ಮ ರಾಜ್ಯದಲ್ಲಿ ಕಾನೂನಿದೆ. ಕಾನೂನು ಒಂದು ಕಡೆ, ಹರಕೆ ಇನ್ನೊಂದು ಕಡೆ ಆಗಿರುವ ಊರುಗಳು ಇಂದಿಗೂ ಉಂಟು. ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ ಮರಿಯನ್ನು ಜಾತ್ರೆಯ ಹಿಂದಿನ ದಿನ ಕಟ್ಟಿಹಾಕಿದಾಗ ಹಿತ್ತಲಲ್ಲಿ ಕೂತು ಅಳುವ ಮಕ್ಕಳೂ ಉಂಟು. ಅವರ ಅಜ್ಜ ಅಜ್ಜಿಯರೂ ಇದನ್ನು ಓದುತ್ತಿರಬಹುದು.

ನಮ್ಮೂರುಗಳ ದ್ಯಾಮವ್ವನ ಜಾತ್ರೆಯಲ್ಲಿ ಹಿಟ್ಟಿಗೆ ಇನ್ನೊಂದು ಕೆಲಸವೂ ಇದೆ. ಹೆಣ್ಣುಮಕ್ಕಳು ಹಿಟ್ಟು ನಾದಿ ಹಣತೆ ಮಾಡಿ, ಎಣ್ಣೆ ಬತ್ತಿ ಹಾಕಿ, ತಲೆಯ ಮೇಲೆ ಹೊತ್ತು ಗುಡಿಗೆ ಹೋಗುತ್ತಾರೆ. ಗಾಳಿಗೆ ಆರೀತೆಂದು ಚಿಕ್ಕ ಹುಡುಗಿಯರು ಪಕ್ಕದಲ್ಲಿ ಸೆರಗು ಮರೆಮಾಡಿಕೊಂಡು ನಡೆಯುತ್ತಾರೆ.