ಊರೆಲ್ಲ ಸೇರಿ ಹೊದಿಸಿದ ಸೂರು

ಜಪಾನಿನ ನಡುಭಾಗದಲ್ಲಿರುವ ಹಿದಾ ಸೀಮೆಯಲ್ಲಿ ಗದ್ದೆ ಕಡಿಮೆ, ಬೆಟ್ಟವೇ ಹೆಚ್ಚು. ಎಂಟನೇ ಶತಮಾನದಲ್ಲಿ ಜಪಾನಿನ ಅರಸೊತ್ತಿಗೆ ನಾಡಿನ ಉಳಿದ ಸೀಮೆಗಳಿಂದ ಬಟ್ಟೆ, ಸ್ಥಳೀಯ ಉತ್ಪನ್ನಗಳನ್ನು ಕಂದಾಯವಾಗಿ ಎತ್ತುತ್ತಿತ್ತು. ಹಿದಾಕ್ಕೆ ಮಾತ್ರ ಬೇರೆಯದೇ ಕಾನೂನು. ಐವತ್ತು ಮನೆಗಳಿಗೆ ಹತ್ತು ಆಳಿನಂತೆ ಬಡಗಿಗಳನ್ನು ರಾಜಧಾನಿಗೆ ಕಳುಹಿಸಿದರೆ ಸಾಕು, ಆ ತೆರಿಗೆಗಳೆಲ್ಲ ಮಾಫಿ. ಹೀಗೆ ಹೋದವರು ನಾರಾ, ಕ್ಯೋಟೊಗಳಲ್ಲಿ ದೇವಾಲಯ ಮತ್ತು ಅರಮನೆಗಳಿಗೆ ಮರಗೆಲಸ ಮಾಡಿದರು. ‘ಹಿದಾ ನೊ ತಾಕುಮಿ’, ಅಂದರೆ ಹಿದಾದ ಕುಶಲಕರ್ಮಿಗಳು ಎಂದು ಹೆಸರಾದರು. ಕೊಡಲು ಬೇರೇನೂ ಇಲ್ಲದ ನಾಡು ತನ್ನ ಕೈಗಳನ್ನೇ ಕಂದಾಯವಾಗಿ ಕೊಟ್ಟಿತು.

ಅದೇ ನಾಡಿನ ಹೃದಯದಲ್ಲಿರುವ ಊರು ತಕಯಾಮ. ನಗೋಯಾದಿಂದ ‘ಹಿದಾ’ ಎಂಬ ಹೆಸರಿನದೇ ಎಕ್ಸ್‌ಪ್ರೆಸ್ ರೈಲು ಹತ್ತಿದರೆ ಹೊಳೆಯ ದಂಡೆ ಹಿಡಿದು, ಕೊರಕಲು ದಾಟಿ ಸುಮಾರು ಎರಡೂವರೆ ಗಂಟೆಯಲ್ಲಿ ಇಲ್ಲಿ ಇಳಿಯಬಹುದು. ಈ ಹಳಿ ಪೂರ್ತಿಯಾದದ್ದು 1934ರಲ್ಲಿ. ಅದಕ್ಕೂ ಮೊದಲು ಬೆಟ್ಟ ಹತ್ತಿಳಿದೇ ಬರಬೇಕಿತ್ತು. ಹಳೆಯ ಬೀದಿಗಳು ಉಳಿದುಕೊಂಡಿರುವುದಕ್ಕೆ ಈ ದುರ್ಗಮ ದಾರಿಯೂ ಒಂದು ಕಾರಣ.

ಮೊಲ ಕಾಯುವ ಕಚೇರಿ

ಹದಿನಾರನೇ ಶತಮಾನದ ಕೊನೆಯಲ್ಲಿ ಕನಮೊರಿ ನಗಚಿಕ ಎಂಬ ದೊರೆ ಇಲ್ಲಿ ಕೋಟೆ ಕಟ್ಟಿಸಿ, ಅದರ ಕೆಳಗೆ ಪೇಟೆ ಹಾಕಿಸಿದ. ಬೆಟ್ಟದ ತುಂಬ ಬೆಲೆಬಾಳುವ ಮರ, ಜೊತೆಗೆ ಗಣಿ. ಇವು ಆಗ ಜಪಾನನ್ನು ಆಳುತ್ತಿದ್ದ ಟೊಕುಗವ ಷೋಗುನರ ಕಣ್ಣಿಗೆ ಬೀಳದೆ ಇರಲಿಲ್ಲ. 1692ರಲ್ಲಿ ಅವರು ಕನಮೊರಿ ಮನೆತನವನ್ನು ಬೇರೆಡೆಗೆ ಕಳಿಸಿ ಸೀಮೆಯನ್ನು ನೇರವಾಗಿ ತಮ್ಮ ಆಡಳಿತಕ್ಕೆ ತೆಗೆದುಕೊಂಡರು. ಕೋಟೆಯನ್ನು ಕೆಡವಿದರು. ಆಡಳಿತ ನಡೆಸಿದ ಕಚೇರಿ ಮಾತ್ರ ಇವತ್ತಿಗೂ ನಿಂತಿದೆ. ‘ತಕಯಾಮ ಜಿನ್ಯ’ ಎಂಬ ಈ ಕಟ್ಟಡದಲ್ಲಿ 1969ರವರೆಗೂ ಸರ್ಕಾರಿ ಕೆಲಸ ನಡೆಯುತ್ತಲೇ ಇತ್ತು. ಜಪಾನಿನಲ್ಲಿ ಈ ಬಗೆಯ ಕಚೇರಿಯ ಮುಖ್ಯ ಕಟ್ಟಡ ಉಳಿದಿರುವುದು ಇದೊಂದೇ ಕಡೆ.

ಒಳಗೆ ಚಾಪೆಯ ಮೇಲೆ ಬರಿಗಾಲಲ್ಲಿ ನಡೆಯುವಾಗ ಗೋಡೆಯ ಅಡ್ಡಪಟ್ಟಿಗಳನ್ನು ಗಮನಿಸಬೇಕು. ಮೊಳೆ ಹೊಡೆದ ಜಾಗ ಕಾಣದಂತೆ ಮುಚ್ಚಲು ಲೋಹದ ಪುಟ್ಟ ಮೊಲಗಳನ್ನು ಕೂರಿಸಿದ್ದಾರೆ. ಕಿವಿ ನೆಟ್ಟಗೆ, ಮುಖ ನಮ್ಮತ್ತ. ರೈತರಿಂದ ಅಕ್ಕಿ ಅಳೆಸಿಕೊಳ್ಳುತ್ತಿದ್ದ, ತಪ್ಪಿತಸ್ಥರೆಂದವರನ್ನು ವಿಚಾರಣೆಗೆ ಕೂರಿಸುತ್ತಿದ್ದ ಕಟ್ಟಡದಲ್ಲೂ ಒಬ್ಬ ಕೆಲಸಗಾರ ಮೊಳೆಯ ತಲೆಯ ಬಗ್ಗೆ ಇಷ್ಟು ಯೋಚಿಸಿದ್ದಾನೆ.

ಮಿಯಗವ ನದಿಯಾಚೆ ಸನ್ಮಾಚಿಯ ವರ್ತಕರ ಬೀದಿಗಳು. ಕಪ್ಪಿಟ್ಟ ಮರದ ಜಾಲಂದರ, ತಗ್ಗಾದ ಸೂರು, ರಸ್ತೆಯ ಎರಡೂ ಬದಿ ಹರಿಯುವ ನೀರಿನ ಕಾಲುವೆ. ಬಾಗಿಲ ಮೇಲೆ ಸೀಡರ್ ಎಲೆಗಳನ್ನು ಒತ್ತಾಗಿ ಕಟ್ಟಿದ ದೊಡ್ಡ ಚೆಂಡು ತೂಗುತ್ತಿದ್ದರೆ ಅದು ಸಾಕೆ ಎಂಬ ಅಕ್ಕಿಮದ್ಯ ತಯಾರಿಸುವ ಮನೆ. ಹಸಿರು ಚೆಂಡು ತೂಗಿಬಿಟ್ಟರೆ ಹೊಸ ಸಾಕೆ ಬಂದಿದೆ ಎಂದರ್ಥ. ಬೆಳಿಗ್ಗೆ ಮಿಯಗವ ನದಿಯ ದಂಡೆಯ ಸಂತೆಯಲ್ಲಿ ಸುತ್ತಲ ಹಳ್ಳಿಯ ಹೆಂಗಸರು ಕೆಂಪು ಟರ್ನಿಪ್ಪಿನ ಉಪ್ಪಿನಕಾಯಿ, ಸೇಬು, ಸೊಪ್ಪು ಹರವಿಕೊಂಡು ಕೂರುತ್ತಾರೆ.

ಏಪ್ರಿಲ್ 14, 15 ಮತ್ತು ಅಕ್ಟೋಬರ್ 9, 10ರಂದು ಇಲ್ಲಿ ರಥೋತ್ಸವ. ಕೆತ್ತನೆ, ಅರಗು, ಚಿನ್ನದ ಲೇಪಗಳಿಂದ ತುಂಬಿದ ರಥಗಳ ಪೈಕಿ ಕೆಲವದರ ಮೇಲೆ ದಾರ ಎಳೆದು ಆಡಿಸುವ ಯಂತ್ರಗೊಂಬೆಗಳಿವೆ. ಒಂದೊಂದು ರಥವೂ ಒಂದೊಂದು ಕೇರಿಗೆ ಸೇರಿದ್ದು. ರಿಪೇರಿ, ಕಾವಲು, ಎಳೆಯುವ ಹೊಣೆ ಎಲ್ಲವೂ ಆ ಕೇರಿಯವರದೇ. 2016ರಲ್ಲಿ ಯುನೆಸ್ಕೊ ಜಪಾನಿನ 33 ರಥೋತ್ಸವಗಳನ್ನು ಒಟ್ಟಾಗಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದಾಗ ತಕಯಾಮವೂ ಅದರಲ್ಲಿತ್ತು.

ಕೈಮುಗಿದ ಮಾಡುಗಳು

ತಕಯಾಮದಿಂದ ಶಿರಕಾವಗೊ ಎಂಬ ಕಣಿವೆ ಸೀಮೆಗೆ ಬಸ್ಸಿನಲ್ಲಿ ಐವತ್ತು ನಿಮಿಷ. ದಾರಿಯಲ್ಲಿ ಬೆಟ್ಟದ ಹೊಟ್ಟೆಯೊಳಗೆ 10.7 ಕಿಲೋಮೀಟರ್ ಉದ್ದದ ಹಿದಾ ಸುರಂಗವಿದೆ. ಅದು ತೆರೆದದ್ದು 2008ರಲ್ಲಿ. ಸುರಂಗ ದಾಟಿದರೆ ಶೊಗವ ನದಿಯ ಕಣಿವೆ, ಅದರಲ್ಲಿ ಒಗಿಮಾಚಿ ಗ್ರಾಮ. ಗದ್ದೆಗಳ ನಡುವೆ, ಪ್ರಾರ್ಥನೆಗೆ ಮುಗಿದ ಕೈಗಳಂತೆ ಹುಲ್ಲಿನ ಮಾಡುಗಳು ಎದ್ದು ನಿಂತಿವೆ. ಜಪಾನೀಯರು ಈ ಶೈಲಿಯನ್ನು ಕರೆಯುವುದೂ ‘ಗಸ್ಶೊ’, ಅಂದರೆ ಕೈಮುಗಿದದ್ದು ಎಂದೇ.

ಚಳಿಗಾಲದಲ್ಲಿ ಇಲ್ಲಿ ಆಳೆತ್ತರಕ್ಕೆ ಹಿಮ ಬೀಳುತ್ತದೆ. ಅದರ ಭಾರ ನಿಲ್ಲದೆ ಜಾರಿಹೋಗಲೆಂದೇ ಮಾಡಿಗೆ ಸುಮಾರು 60 ಡಿಗ್ರಿ ಇಳಿಜಾರು. ಮಾಡಿನ ತೊಲೆಗಳನ್ನು ಎಲ್ಲೂ ಮೊಳೆಯಿಂದ ಬಿಗಿದಿಲ್ಲ. ಹಗ್ಗ ಮತ್ತು ‘ನೆಸೊ’ ಎಂಬ ಎಳೆ ಮರದ ಕೋಲು, ಇವೇ ಕಟ್ಟುವ ಸಾಮಗ್ರಿ. ಹಸಿ ಇರುವಾಗಲೇ ನೆಸೊವನ್ನು ಜಜ್ಜಿ, ತಿರುಚಿ ಸುತ್ತುತ್ತಾರೆ; ಒಣಗಿದ ಮೇಲೆ ಅದು ಕಬ್ಬಿಣದ ಪಟ್ಟಿಯಂತೆ ಬಿಗಿಯುತ್ತದೆ. ತೊಲೆಯ ಬುಡವನ್ನು ಪೆನ್ಸಿಲಿನಂತೆ ಚೂಪು ಮಾಡಿ ಕೆಳಗಿನ ಅಡ್ಡತೊಲೆಯ ಕುಳಿಯಲ್ಲಿ ಸುಮ್ಮನೆ ಕೂರಿಸಿರುತ್ತಾರೆ. ಗಾಳಿ ಬೀಸಿದಾಗ, ಭೂಮಿ ನಡುಗಿದಾಗ ಮಾಡು ಕೊಂಚ ಅಲುಗಾಡಿ ಮತ್ತೆ ತನ್ನ ಜಾಗಕ್ಕೆ ಬರುತ್ತದೆ.

ಕೆಳಗಿನ ಅಂತಸ್ತನ್ನು ಕಟ್ಟುತ್ತಿದ್ದವರು ಕಸುಬಿನ ಬಡಗಿಗಳು. ಮೇಲಿನ ಮಾಡು ಊರಿನವರ ಪಾಲು. ಹುಲ್ಲನ್ನು ಮೂವತ್ತು-ನಲವತ್ತು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಒಂದೇ ಮನೆಯವರ ಕೈಯಲ್ಲಿ ಆಗುವ ಕೆಲಸ ಇದಲ್ಲ. ಹಾಗಾಗಿ ಇದು ಮುಯ್ಯಾಳಿನ ಲೆಕ್ಕದಲ್ಲಿ ನಡೆಯುತ್ತಿತ್ತು. ಇಲ್ಲಿ ಅದಕ್ಕೆ ‘ಯುಯಿ’ ಎನ್ನುತ್ತಾರೆ. ಯಾವ ಮನೆಯಿಂದ ಎಷ್ಟು ಆಳು ಬಂತು, ಎಷ್ಟು ಹುಲ್ಲು ಬಂತು ಎಂಬುದನ್ನು ಬರೆದಿಟ್ಟುಕೊಂಡು ಅವರ ಸರದಿ ಬಂದಾಗ ಹಿಂದಿರುಗಿಸಬೇಕು. ನೂರಿನ್ನೂರು ಜನ ಮಾಡಿನ ಮೇಲೆ ಸಾಲುಗಟ್ಟಿ ನಿಂತು ಒಂದೆರಡು ದಿನದಲ್ಲಿ ಒಂದು ಇಳಿಜಾರನ್ನು ಹೊದಿಸಿಬಿಡುತ್ತಿದ್ದರು. ಹೆಂಗಸರು ಅಷ್ಟೂ ಜನಕ್ಕೆ ಅಡುಗೆ ಮಾಡುತ್ತಿದ್ದರು.

ಈ ದೊಡ್ಡ ಮಾಡಿನೊಳಗೆ ಅಟ್ಟದ ಮೇಲೆ ಅಟ್ಟ. ಅಲ್ಲಿ ರೇಷ್ಮೆಹುಳು ಸಾಕುತ್ತಿದ್ದರು. ಕೆಳಗಿನ ಒಲೆಯ ಹೊಗೆ ಅಟ್ಟಗಳ ಸಂದಿನಿಂದ ಮೇಲೇರಿ ಹುಲ್ಲಿಗೆ ಹುಳ ಹಿಡಿಯದಂತೆ ಕಾಯುತ್ತಿತ್ತು. ನೆಲದಡಿಯಲ್ಲೂ ಒಂದು ಉದ್ಯೋಗವಿತ್ತು. ಒಲೆಯ ಪಕ್ಕ ಗುಂಡಿ ತೋಡಿ, ಮಣ್ಣು, ಕಾಡುಗಿಡದ ಸೊಪ್ಪು, ರೇಷ್ಮೆಹುಳದ ಹಿಕ್ಕೆಗಳನ್ನು ಪದರ ಪದರವಾಗಿ ತುಂಬಿ ನಾಲ್ಕೈದು ವರ್ಷ ಕೊಳೆಯಲು ಬಿಡುತ್ತಿದ್ದರು. ಆ ಮಣ್ಣಿಗೆ ನೀರು ಹಾಯಿಸಿ, ತಿಳಿಯನ್ನು ಕುದಿಸಿದರೆ ಸಿಗುತ್ತಿದ್ದದ್ದು ಪೆಟ್ಲುಪ್ಪು, ಅಂದರೆ ಸಿಡಿಮದ್ದಿನ ಮೂಲ. ಪಕ್ಕದ ಗೊಕಯಾಮದ ಹಳ್ಳಿಗಳಿಂದ ಕಾಗಾ ಸಂಸ್ಥಾನ ಇದನ್ನು ಕೊಳ್ಳುತ್ತಿತ್ತು. ಹೊರಗಿನಿಂದ ಅಗ್ಗದ ಪೆಟ್ಲುಪ್ಪು ಬಂದ ಮೇಲೆ ಈ ಕಸುಬು ನಿಂತುಹೋಯಿತು.

ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ, ಕೆಡವುವುದಿಲ್ಲ

ಜರ್ಮನ್ ವಾಸ್ತುಶಿಲ್ಪಿ ಬ್ರೂನೊ ಟೌಟ್ 1935ರಲ್ಲಿ ಇಲ್ಲಿಗೆ ಬಂದು ಈ ಮನೆಗಳನ್ನು ಹೊಗಳಿ ಬರೆದರು. ಹೊಗಳಿಕೆಯಿಂದ ಮನೆಗಳು ಉಳಿಯಲಿಲ್ಲ. 1961ರಲ್ಲಿ ಮಿಬೊರೊ ಅಣೆಕಟ್ಟು ಪೂರ್ತಿಯಾದಾಗ ಕಣಿವೆಯ ಎಷ್ಟೋ ಹಳ್ಳಿಗಳು ಮುಳುಗಿದವು. ಆಗ ಕಳಚಿದ ಒಂದು ಮನೆಯನ್ನು ಯೊಕೊಹಾಮಾದ ಸನ್ಕೆಯೆನ್ ತೋಟದಲ್ಲಿ ಮತ್ತೆ ಜೋಡಿಸಿದ್ದಾರೆ. 1967ರಲ್ಲಿ ಕಜುರ ಎಂಬ ಒಳನಾಡಿನ ಹಳ್ಳಿಯವರು ಒಟ್ಟಿಗೆ ಊರು ಬಿಟ್ಟರು.

ಮುಂದಿನ ಸರದಿ ತಮ್ಮದು ಎಂಬುದು ಒಗಿಮಾಚಿಯವರಿಗೆ ಅರ್ಥವಾಯಿತು. 1971ರಲ್ಲಿ ಅವರು ಸಂಘ ಕಟ್ಟಿ ಮೂರು ಕಟ್ಟಳೆ ಮಾಡಿಕೊಂಡರು. ಮನೆ ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ, ಕೆಡವುವುದಿಲ್ಲ. 1976ರಲ್ಲಿ ಸರ್ಕಾರದ ರಕ್ಷಣೆ ಸಿಕ್ಕಿತು. 1995ರಲ್ಲಿ ಒಗಿಮಾಚಿ, ಗೊಕಯಾಮದ ಐನೊಕುರ ಮತ್ತು ಸುಗನುಮ ಗ್ರಾಮಗಳು ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಈ ಕ್ರಮವನ್ನು ಮರೆಯಬಾರದು. ಮೊದಲು ಊರು ತೀರ್ಮಾನಿಸಿತು. ಸರ್ಕಾರ ಮತ್ತು ಜಗತ್ತು ಆಮೇಲೆ ಬಂದವು.

ಒಣಹುಲ್ಲಿನ ಊರಿಗೆ ಬೆಂಕಿಯೇ ದೊಡ್ಡ ಶತ್ರು. ಪ್ರತಿ ವರ್ಷ ಚಳಿಗಾಲಕ್ಕೆ ಮುಂಚೆ ಒಗಿಮಾಚಿಯ ನೀರುಕೊಳವೆಗಳನ್ನೆಲ್ಲ ಒಟ್ಟಿಗೆ ತೆರೆದು ಪರೀಕ್ಷಿಸುತ್ತಾರೆ. ಇಡೀ ಊರು ಚಿಮ್ಮುವ ನೀರಿನ ಕಮಾನುಗಳಡಿ ನಿಲ್ಲುತ್ತದೆ.

ಹೋಗುವವರಿಗೆ

ಒಗಿಮಾಚಿಯಲ್ಲಿ ಹಗಲಿಡೀ ಬಸ್ಸುಗಳ ಸಾಲು. ನೆಮ್ಮದಿ ಬಯಸುವವರು ಅಲ್ಲಿಂದ ಮುಂದಿನ ಬಸ್ಸು ಹತ್ತಿ ಗೊಕಯಾಮಕ್ಕೆ ಹೋಗಬೇಕು. ಸುಗನುಮ ಬೆರಳೆಣಿಕೆಯ ಮನೆಗಳ ಊರು. ಐನೊಕುರದ ಹಿಂದಿನ ಇಳಿಜಾರಿನಲ್ಲಿ ಹಿಮ ಜಾರಿ ಬರದಂತೆ ತಡೆಯುವ ಕಾಡಿದೆ. ಅದರ ಒಂದು ಮರವನ್ನೂ ಕಡಿಯುವಂತಿಲ್ಲ. ಗೊಕಯಾಮದ ಟೋಫು ಹಗ್ಗದಲ್ಲಿ ಕಟ್ಟಿ ಒಯ್ಯುವಷ್ಟು ಗಟ್ಟಿ. ಸಸ್ಯಾಹಾರಿಗಳು ವಸತಿ ಕಾಯ್ದಿರಿಸುವಾಗಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲಿನ ಸಾರಿನ ಬುನಾದಿಯೇ ಒಣಮೀನಿನ ರಸ.

ಈ ಮನೆಗಳಲ್ಲಿ ಇಂದಿಗೂ ಸಂಸಾರಗಳಿವೆ. ಅಂಗಳಕ್ಕೆ ಕಾಲಿಡುವ ಮೊದಲು, ಕಿಟಕಿಯತ್ತ ಕ್ಯಾಮೆರಾ ಎತ್ತುವ ಮೊದಲು ಅದು ನೆನಪಿರಬೇಕು. ಸಾಧ್ಯವಾದರೆ ಒಂದು ರಾತ್ರಿ ಹಳ್ಳಿಯ ಮನೆವಸತಿಯಲ್ಲೇ ಉಳಿಯಬೇಕು. ಫೋಟೊ ತೆಗೆದು ಗಂಟೆಯೊಳಗೆ ಹೊರಡುವವರಿಂದ ಊರಿಗೆ ಜನಜಂಗುಳಿ ಬರುತ್ತದೆ. ಉಳಿಯುವವರಿಂದ ಅಲ್ಲಿನ ಸಂಸಾರ ನಡೆಯುತ್ತದೆ. ಇವತ್ತು ಮಾಡು ಹೊದಿಸಲು ಊರಿನ ಕೈಗಳಷ್ಟೇ ಸಾಲುತ್ತಿಲ್ಲ. ಸರ್ಕಾರದ ಅನುದಾನ ಬೇಕು, ಗೊಕಯಾಮದಲ್ಲಿ ಹೆಚ್ಚಿನ ಕೆಲಸವನ್ನು ಅರಣ್ಯ ಸಹಕಾರ ಸಂಘದವರು ಮಾಡುತ್ತಾರೆ, ಒಗಿಮಾಚಿಗೆ ಹೊರಗಿನ ಸ್ವಯಂಸೇವಕರೂ ಬರುತ್ತಾರೆ. ಮುಯ್ಯಿಯ ವರ್ತುಲ ಹೀಗೆ ಹಿಗ್ಗುತ್ತಿರುವುದರಿಂದಲೇ ಹುಲ್ಲು ಹೊಸದಾಗುತ್ತಿದೆ. ನೋಡಲು ಹೋಗುವ ನಾವೂ ಆ ವರ್ತುಲದೊಳಗಿದ್ದೇವೆ. ನಮ್ಮ ಪಾಲನ್ನು ಸಲ್ಲಿಸಿಯೇ ಬರಬೇಕು.